ಕತ್ತಲೆ ಕೋಣೆಯಿಂದ ಶಾಲೆಯ ಗೋಡೆಗೆ

ನಮ್ಮ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಕೊಠಡಿಗೆ ಹೋದವರೆಲ್ಲ ಆ ಗೋಡೆಯನ್ನು ನೋಡಿರುತ್ತೀರಿ. ಎಸ್.ಎಸ್.ಎಲ್.ಸಿ. ತಂಡಗಳ ಗುಂಪು ಫೋಟೊಗಳು ಅಲ್ಲಿ ಸಾಲಾಗಿ ತೂಗುತ್ತಿವೆ. ಸುವರ್ಣ ಮಹೋತ್ಸವ ಸಂಚಿಕೆಗಾಗಿ ಅವನ್ನು ಸ್ಕ್ಯಾನ್ ಮಾಡಿಕೊಡುವ ಕೆಲಸವನ್ನು ಹಿರಿಯರು ನನಗೆ ವಹಿಸಿದರು. ಹುಡುಗ ಬಿ.ಇ. ಓದಿದ್ದಾನೆ, ಕಂಪ್ಯೂಟರ್ ಬಲ್ಲ ಎಂಬುದು ಅವರ ಲೆಕ್ಕ.

ಒಂದೊಂದೇ ಚೌಕಟ್ಟು ಬಿಚ್ಚುತ್ತ 1983ರ ಫೋಟೊಕ್ಕೆ ಬಂದಾಗ ಕೈ ನಿಂತಿತು. ಆ ತಂಡದಲ್ಲಿ ನನ್ನ ತಾಯಿ ಇದ್ದಾರೆ. ಎರಡನೆಯ ಸಾಲು, ಎಡತುದಿ. ಆದರೆ ಫೋಟೊದ ಎಡಭಾಗವೆಲ್ಲ ಹಳದಿಗಟ್ಟಿ, ಏಳೆಂಟು ಮುಖಗಳು ಅಳಿಸಿಹೋಗಿವೆ. ನಮ್ಮ ಮನೆಯಲ್ಲಿದ್ದ ಪ್ರತಿ ಮಣ್ಣಿನ ಗೋಡೆಯ ತೇವಕ್ಕೆ ಎಂದೋ ಹಾಳಾಗಿದೆ. ಅವ್ವನ ಬಾಲ್ಯದ ಬೇರೆ ಫೋಟೊ ಇಲ್ಲ.

ಫೋಟೊ ಎಂದರೆ ಉಳಿಯುವಂಥದು ಎಂದು ನಾವು ತಿಳಿದಿದ್ದೇವೆ. ನಮ್ಮ ಧಾರವಾಡ ಸೀಮೆಯ ಇತಿಹಾಸದಲ್ಲಿ ಅದಕ್ಕೆ ಒಳ್ಳೆಯ ಸಾಕ್ಷಿಯೂ ಇದೆ. ಫೋಟೊ ತೆಗೆಯುವ ವಿದ್ಯೆ ಪ್ಯಾರಿಸ್ಸಿನಲ್ಲಿ ಪ್ರಕಟವಾದದ್ದು 1839ರಲ್ಲಿ. ಹದಿನಾರು ವರ್ಷಗಳ ನಂತರ, 1855ರಲ್ಲಿ, ಮುಂಬಯಿ ಸರ್ಕಾರ ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿಯನ್ನು ನಮ್ಮ ಕಡೆಯ ಸ್ಮಾರಕಗಳ ಚಿತ್ರ ತೆಗೆಯಲು ನೇಮಿಸಿತು. ಆತ ವಿಜಾಪುರ, ಬಾದಾಮಿ, ಐಹೊಳೆಗಳಲ್ಲಿ ಕಾಗದದ ನೆಗೆಟಿವ್ ಬಳಸಿ ಚಿತ್ರ ತೆಗೆದರು. ಅವರು ಸೈನ್ಯಕ್ಕೆ ಮರಳಿದ ಮೇಲೆ ಡಾ. ಪಿಗೂ ಎಂಬ ವೈದ್ಯರು ಲಕ್ಕುಂಡಿ, ಗದುಗಿನ ಗುಡಿಗಳ ಚಿತ್ರ ತೆಗೆದರು. 1866ರಲ್ಲಿ ಲಂಡನ್ನಿನಲ್ಲಿ 'ಆರ್ಕಿಟೆಕ್ಚರ್ ಇನ್ ಧಾರವಾರ್ ಆ್ಯಂಡ್ ಮೈಸೂರ್' ಎಂಬ ಗ್ರಂಥ ಹೊರಬಂತು. ಅದಕ್ಕೆ ಇತಿಹಾಸದ ಭಾಗ ಬರೆದವರು ಮೆಡೋಸ್ ಟೇಲರ್. ಫೋಟೊಗಳನ್ನು ಪುಸ್ತಕದಲ್ಲಿ ಅಚ್ಚು ಹಾಕುವ ಸೌಲಭ್ಯ ಆಗಿರದ ಕಾರಣ ನಿಜವಾದ ಪ್ರಿಂಟುಗಳನ್ನೇ ಹಾಳೆಗಳಿಗೆ ಅಂಟಿಸಿದ್ದರು. ಅವು ಇಂದಿಗೂ ಉಳಿದಿವೆ. ಹಾಗಾದರೆ ನಮ್ಮ ಶಾಲೆಯ ಫೋಟೊ ನಲವತ್ತು ವರ್ಷಕ್ಕೇ ಏಕೆ ಅಳಿಸಿತು?

ಅದರ ಉತ್ತರ ನನಗೆ 2003ರ ಬೇಸಿಗೆ ರಜೆಯಲ್ಲೇ ಸಿಕ್ಕಿತ್ತು. ನನ್ನ ಸೋದರಮಾವ ಹುಬ್ಬಳ್ಳಿಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರು. ಬಣ್ಣದ ಲ್ಯಾಬ್‌ಗಳು ಬಂದಿದ್ದರೂ ಅಲ್ಲಿ ಕಪ್ಪು-ಬಿಳುಪಿನ ಕತ್ತಲೆ ಕೋಣೆ ಇನ್ನೂ ಇತ್ತು. ಒಂಬತ್ತನೆಯ ತರಗತಿ ಮುಗಿಸಿದ್ದ ನನಗೆ ಮಾಮಾ ಹಳೆಯ ಯಾಶಿಕಾ ಕ್ಯಾಮೆರಾ ಮತ್ತು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ 'ಇಂದು' ರೋಲ್ ಒಂದನ್ನು ಕೊಟ್ಟರು. ಒಂದು ರೋಲಿಗೆ ಹನ್ನೆರಡು ಚಿತ್ರ. ನಾನು ನಮ್ಮ ಶಾಲೆಯನ್ನೇ ತೆಗೆದೆ.

ಸಿನಿಮಾದಲ್ಲಿ ತೋರಿಸುವ ಕೆಂಪು ದೀಪ ಕಾಗದದ ಮೇಲೆ ಪ್ರಿಂಟ್ ಹಾಕುವಾಗ ಮಾತ್ರ. ಫಿಲ್ಮಿಗೆ ಯಾವ ಬೆಳಕೂ ಬೀಳಬಾರದು. ಕಗ್ಗತ್ತಲೆಯಲ್ಲಿ ಕೈಯಿಂದಲೇ ಹುಡುಕಿ ಫಿಲ್ಮನ್ನು ಸುರುಳಿಗೆ ಸುತ್ತಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಬೇಕು. ನನ್ನ ಕೈ ನಡುಗಿತು. "ಕಣ್ಣ ಮುಚ್ಚೋ ತಮ್ಮಾ, ತೆರದ್ರೂ ಏನ್ ಕಾಣೂದಿಲ್ಲ" ಎಂದರು ಮಾಮಾ. ಕಣ್ಣು ಮುಚ್ಚಿದ ಮೇಲೆ ಬೆರಳಿಗೆ ದಾರಿ ತಿಳಿಯಿತು.

ಡೆವಲಪರನ್ನು ಮೆಟಾಲ್, ಸಲ್ಫೈಟ್, ಹೈಡ್ರೋಕ್ವಿನೋನ್ ಕ್ರಮವಾಗಿ ಕರಗಿಸಿ ಮಾಡಿದ್ದರು. ಅದು 20 ಡಿಗ್ರಿ ಇರಬೇಕು. ಮೇ ತಿಂಗಳ ಹುಬ್ಬಳ್ಳಿಯಲ್ಲಿ ಆ ತಂಪು ಎಲ್ಲಿಂದ ಬರಬೇಕು? ಬೋಗುಣಿಯಲ್ಲಿ ಬರ್ಫ ಹಾಕಿ ಬಾಟಲಿ ಇಟ್ಟೆವು. ಎಂಟು ನಿಮಿಷ ಡಬ್ಬಿ ಅಲ್ಲಾಡಿಸುತ್ತ ಡೆವಲಪ್ ಮಾಡಿ, ಆಮೇಲೆ ಹತ್ತು ನಿಮಿಷ ಹೈಪೋದಲ್ಲಿಟ್ಟೆವು. ಬೆಳಕು ತಾಗದ ಬೆಳ್ಳಿಯ ಲವಣವನ್ನು ಕರಗಿಸಿ ತೆಗೆಯುವುದು ಹೈಪೋದ ಕೆಲಸ. ಅದರ ಈ ಗುಣವನ್ನು ಜಾನ್ ಹರ್ಷೆಲ್ ಎಂಬ ವಿಜ್ಞಾನಿ 1819ರಲ್ಲೇ ಕಂಡುಹಿಡಿದಿದ್ದರು. ಮುಚ್ಚಳ ತೆಗೆದಾಗ ನಮ್ಮ ಶಾಲೆಯ ಪಡಸಾಲೆ, ಬೇವಿನ ಗಿಡ, ಧ್ವಜದ ಕಂಬ ಎಲ್ಲವೂ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ನಿಂತಿದ್ದವು. ಸುತ್ತುವಾಗ ಫಿಲ್ಮ್ ಮಡಚಿದ್ದರಿಂದ ಎರಡು ಚಿತ್ರಗಳ ಮೇಲೆ ಉಗುರಿನಾಕಾರದ ಕಲೆ ಬಿದ್ದಿತ್ತು. ಆದರೂ ಕುಣಿದಾಡಿದೆ.

ಕೆಲಸ ಮುಗಿಯಿತೆಂದು ನಾನು ತಿಳಿದೆ. ಮಾಮಾ ಬಕೀಟು ತೋರಿಸಿದರು. ತೊಳೆಯಬೇಕು, ನೀರು ಚೆಲ್ಲಿ ಮತ್ತೆ ತುಂಬಿ, ಮತ್ತೆ ಚೆಲ್ಲಿ. ಮರುದಿನ ಪ್ರಿಂಟ್ ಹಾಕಿದಾಗಲೂ ಅದೇ, ಇನ್ನೂ ಹೆಚ್ಚು ಹೊತ್ತು. ಫಿಲ್ಮ್ ಬೇಗ ಶುದ್ಧವಾಗುತ್ತದೆ, ಕಾಗದದ ನಾರು ಹೈಪೋವನ್ನು ಹಿಡಿದುಕೊಳ್ಳುತ್ತದೆ. ಉಳಿದ ಹೈಪೋ ವರ್ಷಗಳ ಮೇಲೆ ಚಿತ್ರದ ಬೆಳ್ಳಿಯನ್ನೇ ತಿಂದು ಹಳದಿ ಮಾಡುತ್ತದೆ.

"ಇನ್ನೆಷ್ಟ ಸಲ, ಮಾಮಾ?" ಎಂದು ಬೇಸರದಿಂದ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಎಂಬತ್ತಮೂರರಾಗ ನಿಮ್ಮವ್ವನ ಸಾಲಿ ಫೋಟೊ ತೊಳದಾಂವ ನಾನ. ಆಗಿನ್ನೂ ಕೆಲಸ ಕಲಿಯಾಂವ. ನಳಕ್ಕ ನೀರ ಬಂದ ಎಂಟ ದಿನ ಆಗಿತ್ತು. ಇದ್ದ ಎರಡ ಬಕೀಟ ನೀರಾಗ ಎಲ್ಲಾ ಪ್ರಿಂಟ್ ಮುಗಿಸಿದೆ. ಆವತ್ತ ಫೋಟೊ ಛಲೋನ ಕಾಣ್ತಿದ್ವು." ನಾನು ಮತ್ತೆ ಬಾಯಿ ತೆರೆಯದೆ ನೀರು ಬದಲಾಯಿಸಿದೆ.

ಈಗ ಆ ಸ್ಟುಡಿಯೋ ಇಲ್ಲ. ಅಲ್ಲಿದ್ದ ಹಳೆಯ ನೆಗೆಟಿವ್‌ಗಳು ಬೆಳ್ಳಿ ತೆಗೆಯುವವರಿಗೆ ತೂಕಕ್ಕೆ ಹೋದವು. ಊಟಿಯ ಕಾರ್ಖಾನೆಯೂ ಮುಚ್ಚಿದೆ. ಹೊಸ ವಿದ್ಯೆ ಬಂದಿತೆಂದು ನಾವು ನಿಶ್ಚಿಂತರಾಗುವಂತಿಲ್ಲ. 2004ರ ನಮ್ಮ ಬೀಳ್ಕೊಡುಗೆಯ ಸಿ.ಡಿ. ನನ್ನ ಯಾವ ಕಂಪ್ಯೂಟರಿನಲ್ಲೂ ತೆರೆಯಲಿಲ್ಲ. ಯಾವ ಕಾಲದ ಚಿತ್ರವಾದರೂ ಕೊನೆಯ ಬೇಸರದ ಕೆಲಸವನ್ನು ಯಾರಾದರೂ ಮಾಡಿದ್ದರೆ ಮಾತ್ರ ಉಳಿಯುತ್ತದೆ.

ಮೊನ್ನೆ ಮಾಮಾನಿಗೆ ಫೋನ್ ಮಾಡಿ ಗೋಡೆಯ ಫೋಟೊದ ಸ್ಥಿತಿ ಹೇಳಿದೆ. "ಮೊದಲಿನ ಹತ್ತ ಪ್ರತಿ ಹೊಸಾ ನೀರಾಗ ತೊಳದೇನಿ. ಅವು ಯಾರ ಮನಿಗೆ ಹ್ವಾದ್ವೋ ಗೊತ್ತಿಲ್ಲ, ಕೇಳಿ ನೋಡು" ಎಂದರು.

ಆದ್ದರಿಂದ ಈ ಸಂಚಿಕೆಯ ಮೂಲಕ ಕೇಳುತ್ತಿದ್ದೇನೆ. 1983ರ ತಂಡದ ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಟ್ರಂಕಿನ ತಳದಲ್ಲಿ ಆ ಫೋಟೊ ಇದ್ದರೆ ದಯವಿಟ್ಟು ಶಾಲೆಗೆ ತನ್ನಿರಿ. ಸ್ಕ್ಯಾನ್ ಮಾಡಿಕೊಂಡು ಅಂದೇ ಮರಳಿಸುತ್ತೇನೆ. ಬೇರೆ ವರ್ಷದವರೂ ತಮ್ಮಲ್ಲಿರುವ ಫೋಟೊಗಳ ಹಿಂದೆ ಪೆನ್ಸಿಲ್ಲಿನಿಂದ ಮೆಲ್ಲಗೆ ಹೆಸರುಗಳನ್ನು ಬರೆದಿಡಿ. ಶಾಲೆಯ ಶತಮಾನೋತ್ಸವದಲ್ಲಿ ಆ ಗೋಡೆಯ ಮುಂದೆ ನಿಲ್ಲುವ ಮಕ್ಕಳಿಗೆ ನಮ್ಮೆಲ್ಲರ ಮುಖ ಕಾಣಲಿ.

(ಲೇಖಕರು ಶಾಲೆಯ 2004ನೇ ಸಾಲಿನ ಎಸ್.ಎಸ್.ಎಲ್.ಸಿ. ವಿದ್ಯಾರ್ಥಿ, ಬಿ.ಇ. ಪದವೀಧರ, ಸಾಫ್ಟ್‌ವೇರ್ ಇಂಜಿನಿಯರ್)