ಓಡಿದ ಮ್ಯಾಲೆ ಕೇಕು ಯಾಕ?

ಅಕ್ಕಾರ, ವೈನಿ, ಕಾಕು, ಮೌಶಿ, ಓಣಿಯ ಎಲ್ಲಾ ಗೆಳತ್ಯಾರ, ನೀವು ಬ್ಯಾರೆ ಬ್ಯಾರೆ ದಿನ ಕೇಳಿದ್ರೂ ಪ್ರಶ್ನಿ ಮಾತ್ರ ಒಂದ. "ನಸುಕಿನ್ಯಾಗ ಎದ್ದು ಕೆಲಗೇರಿ ಕೆರಿ ತನಕ ಓಡ್ತಿ, ಬಂದ ಮ್ಯಾಲೆ ಬಾಳಿಹಣ್ಣಿನ ಕೇಕು ಮುಂದ ಇಟ್ಕೊಂಡು ಕೂಡ್ತಿ. ಹಂಗಾರ ಓಡಿದ್ದ್ಯಾಕ?" ಈ ಪ್ರಶ್ನಿ ಒಳಗ ಇನ್ನೊಂದು ಮಾತು ಅಡಗ್ಯದ. ಹೆಣ್ಮಕ್ಕಳು ಓಡಿದ್ರ ಅದು ಸೊರಗಲಿಕ್ಕೆ, ಸಿಹಿ ತಿಂದ್ರ ಓಡಿದ್ದು ದಂಡ ಅನ್ನೂ ಮಾತು. ನಾ ಈ ಸಲ ಮೊದಲನೇ ಸಲಕ್ಕ 42.195 ಕಿಲೋಮೀಟರ್ ಓಡಲಿಕ್ಕೆ ತಯಾರಿ ನಡೆಸೇನಿ. ಸೊರಗಬೇಕು ಅಂತಲ್ಲ, ಅಷ್ಟು ದೂರ ನನ್ನ ಕಾಲು ನನ್ನನ್ನ ಒಯ್ತಾವೋ ಇಲ್ಲೋ ನೋಡ್ಬೇಕು ಅಂತ. ಕೇಕಿನ ಸಂಗತಿಗೆ ನೂರು ವರ್ಷದ ಇತಿಹಾಸ ಅದ. ಅದನ್ನ ಹೇಳಿದ್ರ ನಿಮ್ಮ ಪ್ರಶ್ನಿಗೆ ಉತ್ತರ ಸಿಗ್ತದ.

ಮ್ಯಾರಥಾನ್ ಅಂದ್ರ ಪರದೇಶದವರ ಹುಚ್ಚು ಅಂತ ತಿಳೀಬ್ಯಾಡ್ರಿ. ಭಾರತದಿಂದ ಹೋಗಿ ಒಲಿಂಪಿಕ್ಸ್ ಮ್ಯಾರಥಾನ್ ಓಡಿ ಮುಗಿಸಿದ ಮೊದಲನೇಯವರು ನಮ್ಮ ಬೆಳಗಾವಿಯ ಫಡೆಪ್ಪ ಚೌಗುಲೆ. ಪುಣೆಯ ಡೆಕ್ಕನ್ ಜಿಮಖಾನಾದವರು, ದೊರಾಬ್ಜಿ ಟಾಟಾ ಅವರು ಮುಂದ ನಿಂತು ಕಳಿಸಿದ ತಂಡದಾಗ ಅವರೂ ಇದ್ರು. 1920ರಾಗ ಬೆಲ್ಜಿಯಂನ ಆಂಟ್ವರ್ಪ್‌ದಾಗ ಓಡಿ 19ನೇಯವರಾಗಿ ಬಂದ್ರು, 2 ತಾಸು 50 ನಿಮಿಷದ ಮ್ಯಾಲೆ ಮುಕ್ಕಾಲು ನಿಮಿಷ. ಆ ಸಲದ ದಾರಿ 42.75 ಕಿಲೋಮೀಟರ್ ಇತ್ತು, ಈಗಿನಕಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. 1908ರ ಲಂಡನ್ ಓಟದಾಗ ಅಳದ 42.195 ಅನ್ನೂ ಲೆಕ್ಕಾ ಎಲ್ಲಾರಿಗೂ ಖಾಯಂ ಆದದ್ದು 1921ರಾಗ.

ಆದ್ರ ಚೌಗುಲೆ ಅವರು ಓಡಿದ ಆ ದಾರಿಯೊಳಗ ಹೆಣ್ಮಕ್ಕಳಿಗೆ ಜಾಗಾ ಇರಲಿಲ್ಲ. 1896ರ ಮೊದಲನೇ ಒಲಿಂಪಿಕ್ಸ್ ಹೊತ್ತಿಗೆ ಗ್ರೀಸ್‌ದಾಗ ಸ್ಟಮಾಟಾ ರೆವಿಥಿ ಅನ್ನೂ ಬಡ ಹೆಣ್ಮಗಳು, ಕೈಗೂಸಿನ ತಾಯಿ, ಗಂಡಸರ ಓಟ ಆದ ಮರುದಿನ ತಾನೊಬ್ಬಾಕಿನ ಅದ ದಾರಿ ಓಡಿ ಮುಗಿಸಿದ್ಲು. ಲೆಕ್ಕಕ್ಕ ಯಾರೂ ಹಿಡೀಲಿಲ್ಲ. 1928ರಾಗ ಆಮ್‌ಸ್ಟರ್‌ಡ್ಯಾಂನೊಳಗ ಹೆಣ್ಮಕ್ಕಳಿಗೆ 800 ಮೀಟರ್ ಓಟ ಇಟ್ರು. ಗೆದ್ದ ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆ ಮಾಡಿದ್ಲು. ಓಟ ಮುಗಿಸಿದವರು ದಣದು ಕೂತದ್ದು ಕಂಡು ಪತ್ರಿಕಾದವರು, ದೊಡ್ಡ ದೊಡ್ಡ ಮಂದಿ, "ಇದು ಹೆಣ್ಣಿನ ದೇಹಕ್ಕ ಆಗೂದಲ್ಲ" ಅಂದ್ರು. ಗಂಡಸರು ದಣದು ಕೂತ್ರ ಅದು ಶೌರ್ಯ, ಇವರು ಕೂತ್ರ ಅದು ರೋಗ. ಆ ಮ್ಯಾಲೆ 1960ರ ತನಕ ಒಲಿಂಪಿಕ್ಸ್‌ದಾಗ ಹೆಣ್ಮಕ್ಕಳಿಗೆ 200 ಮೀಟರಿಗಿಂತ ಉದ್ದನ್ನ ಓಟ ಇರಲೇ ಇಲ್ಲ. ಅಂದ್ರ ನಮ್ಮ ಮನಿಯಿಂದ ಹಿಟ್ಟಿನ ಗಿರಣಿಗೆ ಹೋಗಿ ಬರೂ ಅಷ್ಟೂ ಇಲ್ಲ!

ಇನ್ನ ಸಿಹಿಯ ಮಾತಿಗೆ ಬರೂಣ. 1924ರಾಗ ಅಮೆರಿಕಾದ ಬಾಸ್ಟನ್ ಊರಿನ ಡಾಕ್ಟರ್‌ಗೋಳು ಒಂದು ಕೆಲಸ ಮಾಡಿದ್ರು. ಮ್ಯಾರಥಾನ್ ಓಡಿ ಬಂದವರ ರಕ್ತಾ ತಗದು ಪರೀಕ್ಷಾ ಮಾಡಿದ್ರು. ಪೂರಾ ಸುಸ್ತಾಗಿ ಬಂದ ಕೆಲವರ ರಕ್ತದಾಗ ಸಕ್ಕರಿ ಅಂಶ ಭಾಳ ಇಳದಿತ್ತು. ಮರುವರ್ಷ ಓಟದ ಹಿಂದಿನ ದಿನ ಅನ್ನ-ರೊಟ್ಟಿಯಂಥಾ ಪಿಷ್ಟದ ಊಟ ಹೆಚ್ಚಿಗಿ ಮಾಡಿಸಿ, ಓಡೂ ಮುಂದ ಸಕ್ಕರಿ ಗುಳಿಗಿ ತಿನಿಸಿ ನೋಡಿದ್ರು. ಈ ಸಲ ಸಕ್ಕರಿ ಇಳೀಲಿಲ್ಲ, ಓಡಿದವರೂ ಗಟ್ಟಿಮುಟ್ಟಾಗಿ ಬಂದ್ರು. ಉದ್ದನ್ನ ಓಟಕ್ಕ ಸಿಹಿ ಅನ್ನೂದು ಚೈನಿ ಅಲ್ಲ, ಒಲಿಗೆ ಕಟಗಿ ಇದ್ದಂಗ ಅಂತ ಅವತ್ತ ಗೊತ್ತಾತು.

ಅದ ಹೊತ್ತಿನ್ಯಾಗ ಅಮೆರಿಕಾದ ಅಡಿಗಿ ಮನ್ಯಾಗ ಮತ್ತೊಂದು ಸಂಗತಿ ನಡದಿತ್ತು. 1930ರ ದಶಕದಾಗ ಅಲ್ಲೆ ಭಾಳ ದೊಡ್ಡ ಆರ್ಥಿಕ ಮುಗ್ಗಟ್ಟು. ತಿನ್ನೂ ಪದಾರ್ಥ ಚೆಲ್ಲೂದು ಯಾರಿಗೂ ನೀಗ್ತಿರಲಿಲ್ಲ. ಕರ್ರಗಾದ ಬಾಳಿಹಣ್ಣು ಹಿಚುಕಿ, ಹಿಟ್ಟು ಸೋಡಾ ಕೂಡಿಸಿ ಬೇಯಿಸೂ ಬನಾನಾ ಬ್ರೆಡ್ ಆ ದಶಕದಾಗ ಅಡಿಗಿ ಪುಸ್ತಕದೊಳಗೆಲ್ಲಾ ಬಂತು. ಹೆಸರಿಗೆ ಬ್ರೆಡ್, ಖರೆ ಅಂದ್ರ ನಾವು ಕೇಕು ಅನ್ನೂದ ಅದು. ನಮ್ಮಲ್ಲೆ ಹಣ್ಣು ಅತೀ ಆದ್ರ ಸೀಕರಣಿ ಮಾಡ್ತೀವಲ್ಲ, ಅವರದು ಅದ ಬುದ್ಧಿ, ಒಲಿ ಬ್ಯಾರೆ. ಹಣ್ಣು ಹೆಚ್ಚಿಗಿ ಆದಂಗ ಅದರೊಳಗಿನ ಪಿಷ್ಟ ಸಕ್ಕರಿ ಆಗ್ತದ. ಹಂಗಾಗಿ ಸಿಪ್ಪಿ ಮ್ಯಾಲೆ ಕರೀ ಚುಕ್ಕಿ ಬಿದ್ದ ಹಣ್ಣು ಓಡಾವರಿಗೂ ಛಲೋ, ಕೇಕಿಗೂ ಛಲೋ.

ಕೇಕು ಉಬ್ಬಿಸೂ ಬೇಕಿಂಗ್ ಪೌಡರ್ ಹಿಂದ ಒಬ್ಬ ಗಂಡ ಇದ್ದಾನ. ಇಂಗ್ಲಂಡಿನ ಬರ್ಮಿಂಗ್‌ಹ್ಯಾಂ ಊರಾಗ ಆಲ್ಫ್ರೆಡ್ ಬರ್ಡ್ ಅನ್ನೂ ಔಷಧದ ವ್ಯಾಪಾರಿ ಇದ್ದ. ಅವನ ಹೆಂಡತಿ ಎಲಿಜಬೆತ್‌ಗೆ ತತ್ತಿ ಒಗ್ತಿರಲಿಲ್ಲ, ಈಸ್ಟ್ ಸೈತ ಒಗ್ತಿರಲಿಲ್ಲ. ಆಕಿ ಸಲುವಾಗಿ 1837ರಾಗ ತತ್ತಿ ಇಲ್ಲದ ಕಸ್ಟರ್ಡ್ ಪೌಡರ್ ಮಾಡಿದ, 1843ರಾಗ ಬೇಕಿಂಗ್ ಪೌಡರ್ ಮಾಡಿದ. ಮದವಿ ಮನಿ ಫ್ರೂಟ್ ಕಸ್ಟರ್ಡ್ ಬಡಸ್ಕೊಳ್ಳೂ ಮುಂದ ಎಲಿಜಬೆತ್ ಬಾಯಿಯವರನ್ನ ಒಂದ್ಸಲ ನೆನಸ್ರಿ.

ಈಗ 1966ಕ್ಕ ಬರೂಣ. ಆ ವರ್ಷ ಸ್ವೀಡನ್ ದೇಶದ ಇಬ್ಬರು ವಿಜ್ಞಾನಿಗಳು, ಬರ್ಗ್‌ಸ್ಟ್ರೋಮ್ ಮತ್ತ ಹಲ್ಟ್‌ಮನ್, ಒಂದು ಪರೀಕ್ಷಾದ ಫಲಿತಾಂಶ ಪ್ರಕಟ ಮಾಡಿದ್ರು. ವ್ಯಾಯಾಮದ ಸೈಕಲ್ಲಿಗೆ ಆಕಡೆ ಒಬ್ಬ ಈಕಡೆ ಒಬ್ಬ ಕೂತು, ಒಂದೊಂದ ಕಾಲಿನಿಂದ ಸಾಕಾಗೂ ತನಕ ತುಳದ್ರು. ಆ ಮ್ಯಾಲೆ ಮೂರು ದಿನ ಪಿಷ್ಟದ ಊಟ ಮಾಡಿ, ಸೂಜಿ ಹಾಕಿ ತೊಡಿ ಸ್ನಾಯು ತಗದು ನೋಡಿದ್ರು. ದುಡದ ಕಾಲಿನ್ಯಾಗ ಗ್ಲೈಕೋಜನ್ ಅನ್ನೂ ಸಕ್ಕರಿ ದಾಸ್ತಾನು ಸುಮ್ಮ ಕೂತ ಕಾಲಿನ ಸುಮಾರು ಎರಡರಷ್ಟು ಆಗಿತ್ತು. ಅಂದ್ರ ದುಡಿದು ಬರಿದಾದ ಸ್ನಾಯು, ಕೊಟ್ಟ ಸಿಹಿನ್ನ ಕೊಬ್ಬಿಗೆ ಬಿಡೂದಿಲ್ಲ, ಕಣಜಕ್ಕ ತುಂಬ್ಕೋತದ. ಕೇಕು ಓಡಿದ ಮ್ಯಾಲ್ಯಾಕ ಅಂದ್ರ, ಇದಕ್ಕ.

ಅದ ವರ್ಷ ಬಾಬಿ ಗಿಬ್ ಅನ್ನೂ ಹುಡುಗಿ ಬಾಸ್ಟನ್ ಮ್ಯಾರಥಾನ್ ಓಡಲಿಕ್ಕೆ ಅರ್ಜಿ ಹಾಕಿದ್ಲು. ಹೆಣ್ಮಕ್ಕಳ ದೇಹಕ್ಕ ಅಷ್ಟು ದೂರ ಓಡೂ ಶಕ್ತಿ ಇಲ್ಲ ಅಂತ ಸಂಘಟಕರು ಪತ್ರ ಬರದ್ರು. ಆಕಿ ಕ್ಯಾಲಿಫೋರ್ನಿಯಾದಿಂದ ನಾಲ್ಕು ದಿನ ಬಸ್ಸಿನ್ಯಾಗ ಕೂತು ತವರಿಗೆ ಬಂದ್ಲು. ಅಣ್ಣತಮ್ಮಂದಿರು ಹಾಕೂವಂಥ ಚಡ್ಡಿ, ಮ್ಯಾಲೆ ಟೊಪಗಿ ಇದ್ದ ಅಂಗಿ. ಹೆಣ್ಮಕ್ಕಳ ಓಟದ ಬೂಟು ಸಿಗತಿರಲಿಲ್ಲ, ಹುಡುಗೂರ ಬೂಟು ಕೊಂಡಿದ್ಲು. ಅವ್ವನ ಆಕಿನ್ನ ಓಟ ಶುರು ಆಗೂ ಊರಿಗೆ ಬಿಟ್ಟು ಬಂದ್ಲು. ಗಿಡದ ಮರಿಗೆ ಅಡಗಿ ಕೂತು, ಗಂಡಸರು ಓಡಲಿಕ್ಕೆ ಹತ್ತಿದ ಮ್ಯಾಲೆ ನಡುವ ಸೇರ್ಕೊಂಡ್ಲು. 3 ತಾಸು 21 ನಿಮಿಷ 40 ಸೆಕೆಂಡು. ಮೂರು ಪಾಲಿನ್ಯಾಗ ಎರಡು ಪಾಲು ಗಂಡಸರು ಆಕಿ ಹಿಂದ.

ಮುಂದಿಂದು ಕೇಳ್ರಿ. ಮನಿಗೆ ಬಂದ ಪತ್ರಿಕಾದವರಿಗೆ ಆಕಿ ಓಟಕಿಂತ ಅಡಿಗಿ ಮನಿ ಮುಖ್ಯ ಆತು. ಓಡಿದ್ರೂ ಆಕಿ ಹೆಣ್ಣ ಅಂತ ಊರಿಗೆ ತೋರಸಬೇಕಾಗಿತ್ತಲ್ಲ! ಒಲಿ ಮುಂದ ನಿಂತು ಫಡ್ಜ್ ಅನ್ನೂ ಸಿಹಿ ಮಾಡೂ ಹಂಗ ಆಕಿ ಫೋಟೋ ತಗದ್ರು. ಈ ಫೋಟೋದ ಸಂಗತಿ ನನಗ ಭಾಳ ಕಾಡಿದ್ದು ಅದ. ಸಿಹಿ ಮಾಡೂದು ತಪ್ಪಲ್ಲ. ಆದ್ರ ಅದನ್ನ ಒಬ್ಬಾಕಿಗೆ ಸಾಕ್ಷಿಯಂಗ ಕೇಳೂದು ತಪ್ಪು. ಮರುವರ್ಷ 261 ನಂಬರ್ ಕಟ್ಟಿಕೊಂಡು ಓಡಿದ ಕ್ಯಾಥರಿನ್ ಸ್ವಿಟ್ಸರ್‌ನ್ನ ಓಟದ ಅಧಿಕಾರಿ ಒಬ್ಬಾಂವ ದಾರಿ ಮ್ಯಾಲೇನ ಹಿಡದು ಜಗ್ಗಿದ. ಬಾಸ್ಟನ್‌ನವರು ಹೆಣ್ಮಕ್ಕಳನ್ನ ಅಧಿಕೃತವಾಗಿ ಸೇರಿಸಿದ್ದು 1972ರಾಗ.

ಮೊದಲನೇ ಮ್ಯಾರಥಾನ್ ಅಂದ ಕೂಡ್ಲೆ ನನಗ ನೆನಪಾಗಾಕಿ ನಾರ್ವೆಯ ಗ್ರೆಟೆ ವೈಟ್ಸ್. ಸಾಲಿ ಟೀಚರ್. 1978ರಾಗ ಗಂಡನ ಮಾತಿಗೆ, ಅಮೆರಿಕಾ ನೋಡಿಧಂಗೂ ಆತು ಅಂತ ನ್ಯೂಯಾರ್ಕಿಗೆ ಹೋದ್ಲು. ತಯಾರಿಯೊಳಗ ಅರ್ಧ ಮ್ಯಾರಥಾನ್‌ಕಿಂತ ಹೆಚ್ಚು ಆಕಿ ಓಡೇ ಇರಲಿಲ್ಲ. ಹಿಂದಿನ ರಾತ್ರಿ ಹೋಟೆಲ್ಲಿನ್ಯಾಗ ಊಟದ ಕಡೀಕ ಐಸ್‌ಕ್ರೀಮ್ ತನಕ ಎಲ್ಲಾ ತಿಂದ್ಲು. ಮುಂಜಾನೆ 2 ತಾಸು 32 ನಿಮಿಷ 30 ಸೆಕೆಂಡಿನ್ಯಾಗ ಓಡಿ ಹೊಸ ವಿಶ್ವದಾಖಲೆ ಮಾಡಿದ್ಲು. ಓಟ ಮುಗದ ಮ್ಯಾಲೆ ಸಿಟ್ಟಿಲೆ ಬೂಟು ತಗದು ಗಂಡನ ಕಡೆ ಒಗದು, ಇನ್ನೊಮ್ಮೆ ಇಂಥಾದ್ದು ಮಾಡಾಂಗಿಲ್ಲ ಅಂದ್ಲಂತ. ಮುಂದ ಅದ ನ್ಯೂಯಾರ್ಕ್ ಓಟ ಒಟ್ಟ ಒಂಬತ್ತು ಸಲ ಗೆದ್ಲು.

1984ರಾಗ ಲಾಸ್ ಏಂಜಲೀಸ್‌ದಾಗ ಹೆಣ್ಮಕ್ಕಳಿಗೆ ಮೊದಲನೇ ಒಲಿಂಪಿಕ್ಸ್ ಮ್ಯಾರಥಾನ್. ಗಂಡಸರ ಓಟ ಶುರು ಆಗಿ 88 ವರ್ಷ ಆಗಿತ್ತು. ಅಮೆರಿಕಾದ ಜೋನ್ ಬೆನಾಯ್ಟ್ ಮೊಣಕಾಲಿಗೆ ಆಪರೇಶನ್ ಆಗಿ 17 ದಿನಕ್ಕ ಆಯ್ಕೆ ಓಟ ಗೆದ್ದಿದ್ಲು. ಒಲಿಂಪಿಕ್ಸ್‌ದಾಗ ಮೂರು ಮೈಲು ಆಗೂದ್ರಾಗ ಎಲ್ಲಾರನ್ನೂ ಬಿಟ್ಟು ಮುಂದ ಹೋಗಿ, ಆ ಬಿಸಿಲಾಗ ಒಬ್ಬಾಕಿನ ಓಡಿ, 2 ತಾಸು 24 ನಿಮಿಷ 52 ಸೆಕೆಂಡಿಗೆ ಗೆದ್ಲು. ಎರಡನೇ ನಂಬರ್ ಗ್ರೆಟೆ ವೈಟ್ಸ್. ಈ ಜೋನ್ ಬಾಯಿ ಊರು ಮೇನ್ ರಾಜ್ಯ, ಕಾಡ ಬ್ಲೂಬೆರಿ ಹಣ್ಣಿಗೆ ಹೆಸರಾದದ್ದು. ಹಿತ್ತಲ ತೋಟ, ಬ್ಲೂಬೆರಿ ಜಾಮು, ಹೆಣಿಕಿ, ಇವೆಲ್ಲಾ ಆಕಿಗೆ ಓಟದಷ್ಟ ಪ್ರೀತಿ. ಇದನ್ನ ಯಾರೂ ಸಾಕ್ಷಿ ಅಂತ ಕೇಳಲಿಲ್ಲ, ತನಗ ಸೇರ್ತದ ಅಂತ ಮಾಡ್ತಾಳ. ಬಾಬಿಯ ಆ ಫೋಟೋಕ್ಕೂ ಈ ಜಾಮಿಗೂ ಇರೂ ಫರಕು ಇಷ್ಟ, ಆದ್ರ ಭಾಳ ದೊಡ್ಡದು. ಮರುವರ್ಷ, 1985ರಾಗ, ನಮ್ಮ ಆಶಾ ಅಗರ್ವಾಲ್ ಜಕಾರ್ತಾದ ಏಶಿಯನ್ ಅಥ್ಲೆಟಿಕ್ಸ್‌ದಾಗ ಮ್ಯಾರಥಾನ್ ಬಂಗಾರ ತಂದ್ರು.

ಇಷ್ಟು ಹೇಳಿದ್ದರ ಕಾರಣಾ ನಮ್ಮ ಹುಡುಗ್ಯಾರು. ಓಡೂದಕ್ಕ ಹತ್ತಿದ ಹುಡುಗಿ ಊಟಾ ಬಿಟ್ರ ಏನಾಗ್ತದ ಅಂತ 1990ರ ದಶಕದಿಂದ ಡಾಕ್ಟರ್‌ಗೋಳು ಬರಕೋತ ಬಂದಾರ. ಮುಟ್ಟು ನಿಲ್ತದ, ಎಲುಬು ಸವಿತಾವ, ಸಣ್ಣ ವಯಸ್ಸಿನ್ಯಾಗ ಎಲುಬು ಬಿರುಕು ಬಿಡ್ತಾವ. 2014ರಾಗ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯವರು ಈ ತ್ರಾಸಿಗೆ ಬ್ಯಾರೆ ಹೆಸರನ್ನ ಇಟ್ಟು, ಹೆಣ್ಮಕ್ಕಳಷ್ಟ ಅಲ್ಲ ಗಂಡಸರೂ ಇದರಾಗ ಬೀಳ್ತಾರ ಅಂದ್ರು. ನಮ್ಮ ಮನ್ಯಾಗರ ಮೊದಲ ಹೆಣ್ಮಕ್ಕಳದು ಕಡೀ ಪಂಕ್ತಿ. ಎಲ್ಲಾರೂ ಉಂಡು ಉಳದದ್ದು ಆಕಿ ಪಾಲಿಗೆ. ಅಂಥಾದ್ರಾಗ ಓಡಾಕಿಗೆ "ಓಡಿ ಕೇಕು ತಿಂತಿ?" ಅಂದ್ರ ಆಕಿ ಕೇಕು ಬಿಡ್ತಾಳ, ಆಮ್ಯಾಲೆ ಅನ್ನ ಬಿಡ್ತಾಳ, ಕಡೀಕ ಓಟಾನೂ ಬಿಡ್ತಾಳ. ಮಾತು ಸಣ್ಣದ ಆದ್ರೂ ಪರಿಣಾಮ ಸಣ್ಣದಲ್ಲ.

ಲೆಕ್ಕಾನೂ ಹೇಳಿಬಿಡ್ತೀನಿ. ಮೈಯಾಗ ಕೂಡಿಟ್ಟ ಗ್ಲೈಕೋಜನ್ ಸುಮಾರು 30 ಕಿಲೋಮೀಟರ್ ತನಕ ಬರ್ತದ. ಆ ಮ್ಯಾಲೆ ಕಾಲು ಕಲ್ಲಾಗ್ತಾವ, ಓಡಾವರು ಅದಕ್ಕ ಗ್ವಾಡಿಗೆ ಹಾಯೂದು ಅಂತಾರ. ಹಂಗ ಆಗಬಾರದು ಅಂದ್ರ ಉದ್ದನ್ನ ಓಟದಾಗ ತಾಸಿಗೆ 30ರಿಂದ 60 ಗ್ರಾಂ ಸಕ್ಕರಿ-ಪಿಷ್ಟ ಹೊಟ್ಟಿಗೆ ಹೋಗಬೇಕು. ಒಂದು ಬಾಳಿಹಣ್ಣಿನ್ಯಾಗ ಸುಮಾರು 25 ಗ್ರಾಂ ಇರ್ತದ.

ನನ್ನ ಕೇಕು ಹಿಂಗ. ಕರೀ ಚುಕ್ಕಿಯ ನಾಲ್ಕು ಬಾಳಿಹಣ್ಣು ಹಿಚುಕ್ರಿ. ಮುಕ್ಕಾಲು ವಾಟಗಾ ಪುಡಿ ಬೆಲ್ಲ, ಅರ್ಧ ವಾಟಗಾ ಮೊಸರು, ಕಾಲು ವಾಟಗಾ ಎಣ್ಣಿ ಕೂಡಿಸ್ರಿ. ಒಂದೂವರಿ ವಾಟಗಾ ಗೋದಿ ಹಿಟ್ಟು, ಒಂದು ಸಣ್ಣ ಚಮಚಾ ಅಡಿಗಿ ಸೋಡಾ, ಚಿಟಿಕಿ ಉಪ್ಪು, ಯಾಲಕ್ಕಿ ಪುಡಿ ಜರಡಿ ಹಿಡದು ಹಾಕಿ ಹಗರಕ ಕಲಸ್ರಿ. ಕುಕ್ಕರಿನ ತಳಕ್ಕ ಉಪ್ಪು ಹರವಿ, ಮ್ಯಾಲೆ ಕಟ್ಟು ಇಟ್ಟು, ಗ್ಯಾಸ್ಕೆಟ್ಟು ಸೀಟಿ ಎರಡೂ ತಗದು ಮುಚ್ಚಿ ಹತ್ತು ನಿಮಿಷ ಕಾಯಿಸ್ರಿ. ಎಣ್ಣಿ ಸವರಿದ ಡಬ್ಬಿಗೆ ಹಿಟ್ಟು ಹಾಕಿ ಒಳಗಿಟ್ಟು ಸಣ್ಣ ಉರಿ ಮ್ಯಾಲೆ 45 ನಿಮಿಷ. ಕಡ್ಡಿ ಚುಚ್ಚಿದ್ರ ಒಣಾ ಬರಬೇಕು. ಹತ್ತು ಹೋಳು ಮಾಡಿದ್ರ ಒಂದೊಂದ್ರಾಗ ಸುಮಾರು 35 ಗ್ರಾಂ ಲೆಕ್ಕಾ ಬೀಳ್ತದ. ಚಿಕ್ಕು ಸೀಜನ್ನಿನ್ಯಾಗ ಎರಡು ಬಾಳಿಹಣ್ಣು ಕಡಿಮಿ ಮಾಡಿ ಚಿಕ್ಕು ಹಾಕ್ತೀನಿ, ಬೆಲ್ಲಾನೂ ತುಸು ಕಡಿಮಿ ಸಾಕು.

ರವಿವಾರ ದೊಡ್ಡ ಓಟಕ್ಕ ಹೋಗೂ ಮುಂಚೆ ಎರಡು ತಾಸು ಮೊದಲ ಒಂದು ಹೋಳು. ಓಡೂ ಮುಂದ ಸಣ್ಣ ಸಣ್ಣ ತುಂಡು ಕಿಸೇದಾಗ, ಜೋಡಿಗೆ ನೀರು. ಬಂದ ಮ್ಯಾಲೆ ಅರ್ಧ ತಾಸಿನ್ಯಾಗ ಇನ್ನೊಂದು ಹೋಳು, ಜೋಡಿಗೆ ಮಜ್ಜಿಗಿ, ಆ ಮ್ಯಾಲೆ ಬ್ಯಾಳಿ ಅನ್ನ. ಹೊಸಾ ತಿನಿಸು ಯಾವುದನ್ನೂ ಓಟದ ದಿನಾನ ಮೊದಲ ಸಲ ತಿನ್ನಬ್ಯಾಡ್ರಿ, ಮೊದಲ ರವಿವಾರದ ಓಟದಾಗ ತಿಂದು ಹೊಟ್ಟಿ ಒಪ್ತದೇನು ನೋಡ್ರಿ. ಸಕ್ಕರಿ ಬ್ಯಾನಿ ಇದ್ದವರು ಡಾಕ್ಟರನ್ನ ಕೇಳಿ ತಿನ್ರಿ.

ನಿಮ್ಮ ಮನ್ಯಾಗ ಓಡೂ ಹುಡುಗಿ ಇದ್ರ, ಶನಿವಾರ ಸಂಜಿಗೆ ಒಂದು ಕೇಕು ಮಾಡಿ ಇಡ್ರಿ. ಮತ್ತ ಒಂದ ಒಂದು ಮಾತು. ಡಬ್ಬಿ ತಗದ ಕೂಡ್ಲೆ ಮೊದಲನೇ ಹೋಳು ಆಕಿಗೆ ಕೊಡ್ರಿ.