ಸಭಾಕಂಪ ಯಾರದು?

ಹೈದರಾಬಾದಿನ ಬಾಲಾನಗರ ಕಾರ್ಖಾನೆಗಳ ಊರು. ಐಡಿಪಿಎಲ್‌ನ ಔಷಧ ಕಾರ್ಖಾನೆ, ಎಚ್‌ಎಎಲ್‌ನ ಏವಿಯಾನಿಕ್ಸ್ ವಿಭಾಗ ಬಂದದ್ದು 1960ರ ದಶಕದಲ್ಲಿ. ಉಪಕರಣ ವಿನ್ಯಾಸ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸಿಐಟಿಡಿ 1968ರಲ್ಲಿ ಇಲ್ಲಿಯೇ ಶುರುವಾಯಿತು. ಉಪಗ್ರಹ ಚಿತ್ರಗಳನ್ನು ಓದುವ ರಾಷ್ಟ್ರೀಯ ದೂರಸಂವೇದಿ ಕೇಂದ್ರವೂ ಇಲ್ಲಿದೆ. ಇಂಥ ಕಡೆ ತರಬೇತಿಗೆ ಬಂದ ಹುಡುಗನೊಬ್ಬ ಲೇತ್ ಮೇಲೆ ಉಕ್ಕನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕಡೆಯಬಲ್ಲ. ಆದರೆ ಮಾಡಿದ್ದನ್ನೇ ನಲವತ್ತು ಜನರ ಮುಂದೆ ನಿಂತು ವಿವರಿಸು ಎಂದರೆ ಅವನ ಅಂಗೈ ಬೆವರುತ್ತದೆ, ನಾಲಗೆ ಒಣಗುತ್ತದೆ. ಕೈಗೆ ಇರುವ ಧೈರ್ಯ ಬಾಯಿಗೆ ಇರುವುದಿಲ್ಲ.

ಈ ನಡುಕಕ್ಕೆ ನಮ್ಮ ಭಾಷೆಯಲ್ಲಿ ಒಂದು ಹಳೆಯ ಮಾತಿದೆ: ಸಭಾಕಂಪ. ಅದರಲ್ಲಿ ಮಾತುಗಾರನ ಹೆಸರಿಲ್ಲ, ವೇದಿಕೆಯ ಹೆಸರೂ ಇಲ್ಲ, ಇರುವುದು ಸಭೆ. ನಾವು ಮಾತ್ರ ಆ ಕಂಪವನ್ನು ನಿಂತವನ ಕೊರತೆಯೆಂದೇ ಎಣಿಸುತ್ತೇವೆ. ಉಸಿರು ಹಿಡಿ, ಕನ್ನಡಿಯ ಮುಂದೆ ಅಭ್ಯಾಸ ಮಾಡು ಎಂಬ ಉಪದೇಶವೆಲ್ಲ ಅವನಿಗೇ. ಕುಳಿತವರಿಗೆ ಯಾರೂ ಏನೂ ಹೇಳುವುದಿಲ್ಲ. ಇದೇ ಹೈದರಾಬಾದಿನಲ್ಲಿ ನೂರು ವರ್ಷಗಳ ಹಿಂದೆ ನಡೆದ ಒಂದು ಸಭೆಯನ್ನು ನೋಡಿದರೆ, ಉಪದೇಶ ಬೇಕಾದದ್ದು ಯಾರಿಗೆ ಎಂಬ ಪ್ರಶ್ನೆ ಏಳುತ್ತದೆ.

ಬಾಲಾನಗರದಿಂದ ಹಳೆಯ ಊರಿನ ಕಡೆಗೆ ಹನ್ನೆರಡು–ಹದಿನೈದು ಕಿಲೋಮೀಟರ್ ಹೋದರೆ ವಿವೇಕವರ್ಧಿನಿ ಸಂಸ್ಥೆ ಸಿಗುತ್ತದೆ. ಮರಾಠಿ ಸಮಾಜದ ಹಿರಿಯರು ಕಟ್ಟಿದ ವಿದ್ಯಾಸಂಸ್ಥೆ ಅದು. 1921ರ ನವೆಂಬರ್‌ನಲ್ಲಿ ಅಲ್ಲಿ ನಿಜಾಮ್ ರಾಜ್ಯದ ಸಮಾಜ ಸುಧಾರಣಾ ಸಮ್ಮೇಳನ ಸೇರಿತ್ತು. ಅಧ್ಯಕ್ಷತೆ ಧೋಂಡೋ ಕೇಶವ ಕರ್ವೆಯವರದು. ವಿಧವೆಯರ ಶಿಕ್ಷಣಕ್ಕಾಗಿ ಬಾಳು ಸವೆಸಿ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದವರು ಅವರು. ಸಭೆಯಲ್ಲಿ ಕುಳಿತಿದ್ದವರೂ ವಿದ್ಯಾವಂತರು, ವಕೀಲರು, ಸುಧಾರಣೆ ಬೇಕೆನ್ನುವವರು. ಇಂಗ್ಲಿಷ್, ಉರ್ದು, ಮರಾಠಿಯ ಭಾಷಣಗಳನ್ನು ಅವರು ಶಾಂತವಾಗಿ ಕೇಳಿದರು. ಆಮೇಲೆ ಆಲಂಪಲ್ಲಿ ವೆಂಕಟರಾಮರಾವ್ ಎಂಬ ವಕೀಲರು ಎದ್ದು ತೆಲುಗಿನಲ್ಲಿ ಮಾತು ತೆಗೆದರು. ಗದ್ದಲ ಶುರುವಾಯಿತು. ಕೆಲವರು ಚಪ್ಪಾಳೆ ತಟ್ಟಿ ಗೇಲಿ ಮಾಡಿದರು, ಕೂಗಿದರು. ಭಾಷಣ ಅಲ್ಲಿಗೇ ನಿಂತಿತು.

ವೆಂಕಟರಾಮರಾಯರು ಕೋರ್ಟಿನಲ್ಲಿ ವಾದಿಸಿ ಬಲ್ಲವರು. ಮಾತು ಅವರಿಗೆ ಹೊಸದಲ್ಲ, ಹೇಳಬೇಕಾದ ವಿಷಯವೂ ಗೊತ್ತಿತ್ತು. ನಿಜಾಮ್ ರಾಜ್ಯದ ಪ್ರಜೆಗಳಲ್ಲಿ ಅತಿ ಹೆಚ್ಚು ಜನ ಆಡುತ್ತಿದ್ದುದೇ ತೆಲುಗನ್ನು. ಆದರೂ ಅವರ ಮಾತು ನಿಲ್ಲಬೇಕಾಯಿತು. ಇಲ್ಲಿ ಕೊರತೆ ಇದ್ದದ್ದು ಕೇಳುವವರಲ್ಲಿ.

ಆ ರಾತ್ರಿ ನಡೆದದ್ದು ಇನ್ನೂ ಮುಖ್ಯ. ನೊಂದವರು ಮನೆಗೆ ಹೋಗಿ ಚೆನ್ನಾಗಿ ಭಾಷಣ ಮಾಡುವುದನ್ನು ಕಲಿಯಲು ಕೂರಲಿಲ್ಲ. ಹತ್ತು–ಹನ್ನೆರಡು ಜನ ಟೇಕುಮಾಲ ರಂಗರಾಯರ ಮನೆಯಲ್ಲಿ ಸೇರಿ ಆಂಧ್ರ ಜನಸಂಘವನ್ನು ಹುಟ್ಟುಹಾಕಿದರು. ಮುಂದೆ ಹೈದರಾಬಾದ್ ರಾಜ್ಯದ ಮುಖ್ಯಮಂತ್ರಿಯಾದ ಬೂರ್ಗುಲ ರಾಮಕೃಷ್ಣರಾವ್ ಆ ಗುಂಪಿನಲ್ಲಿದ್ದ ತರುಣ. ಮಾಡಪಾಟಿ ಹನುಮಂತರಾವ್ ಸಂಘವನ್ನು ಬೆಳೆಸಿದವರು. ಸಂಘ ಹಿಡಿದ ಕೆಲಸವೆಂದರೆ ಗ್ರಂಥಾಲಯ, ವಾಚನಾಲಯ, ಪುಟ್ಟ ಪುಸ್ತಕಗಳು, ಊರೂರಿನ ಸಭೆಗಳು. ಅಂದರೆ ಅವರು ಮೊದಲು ಕಟ್ಟಿದ್ದು ಕೇಳುವ ಜನರನ್ನು.

ಅದು ಸುಲಭದ ಕೆಲಸವಾಗಿರಲಿಲ್ಲ. ಸಾರ್ವಜನಿಕ ಸಭೆಗೆ ಮುಂಚಿತವಾಗಿ ಸರ್ಕಾರದ ಅನುಮತಿ ಬೇಕೆಂಬ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆ ಇಪ್ಪತ್ತರ ದಶಕದಲ್ಲಿ ಆ ರಾಜ್ಯದಲ್ಲಿತ್ತು. ನಾಲ್ಕು ಜನರ ಎದುರು ನಿಲ್ಲುವವನಿಗೆ ನಗುವ ಸಭೆಯ ಭಯ ಒಂದು ಕಡೆ, ಪೊಲೀಸರ ಭಯ ಇನ್ನೊಂದು ಕಡೆ.

ಕನ್ನಡದ ಪಾಡೂ ಬೇರೆಯಾಗಿರಲಿಲ್ಲ. ಕಲಬುರಗಿ, ರಾಯಚೂರು, ಬೀದರ್ ಅದೇ ರಾಜ್ಯದ ಜಿಲ್ಲೆಗಳು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ನಿಜಾಮ್ ಸೀಮೆಯ ಹೊರಗೂ ಓದಿದವರ ಸಭೆಗಳಲ್ಲಿ ಕನ್ನಡಕ್ಕೆ ಸಂಕೋಚವಿತ್ತು. ಇಂಗ್ಲಿಷ್ ಪ್ರಾಧ್ಯಾಪಕ ಬಿ.ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಮಾಡಿದ ಉಪನ್ಯಾಸದ ಹೆಸರು ‘ಕನ್ನಡ ಮಾತು ತಲೆ ಎತ್ತುವ ಬಗೆ’. ಮಾತು ತಲೆ ತಗ್ಗಿಸಿ ನಿಂತಿದೆ ಎಂಬುದನ್ನು ಆ ಹೆಸರೇ ಹೇಳುತ್ತದೆ. ಹದಿನೇಳು ವರ್ಷಗಳ ಬಳಿಕ, 1928ರಲ್ಲಿ, ಅದೇ ಶ್ರೀಯವರು ನಿಜಾಮ್ ಸೀಮೆಯ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1934ರಲ್ಲಿ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರು. ಮನೆಯಲ್ಲಿ, ಸಂತೆಯಲ್ಲಿ ಮಾತ್ರ ಕನ್ನಡ ಕೇಳಿದ್ದವರಿಗೆ ಅದನ್ನು ದೊಡ್ಡ ಸಭೆಯಲ್ಲಿ, ಗೌರವದಿಂದ ಕೇಳುವ ಅವಕಾಶ ಸಿಕ್ಕಿತು. ಹಾಗೆ ಕೇಳಿದವರಿಗೆ ತಾವೂ ಎದ್ದು ನಿಲ್ಲಬಹುದೆಂಬ ಭರವಸೆ ಬರುತ್ತದೆ. ಮೂವತ್ತರ ದಶಕದಲ್ಲಿ ಅಲ್ಲಿ ನಿಜಾಮ್ ಕರ್ನಾಟಕ ಪರಿಷತ್ತೂ ಕೆಲಸ ಮಾಡತೊಡಗಿತು.

ಸಭೆ ಬದಲಾದರೆ ಮಾತುಗಾರ ಬದಲಾಗುತ್ತಾನೆ ಎಂಬುದಕ್ಕೆ ಎಲ್ಲರಿಗೂ ಪರಿಚಯವಿರುವ ಸಾಕ್ಷಿ ಗಾಂಧೀಜಿ. ಲಂಡನ್ನಿನ ಸಸ್ಯಾಹಾರಿಗಳ ಕೂಟದಲ್ಲಿ ಅವರಿಗೆ ಬಾಯಿ ಬರುತ್ತಿರಲಿಲ್ಲ. ಮುಂಬಯಿಯ ಸಣ್ಣ ಕೋರ್ಟಿನಲ್ಲಿ ಮೊದಲ ಮೊಕದ್ದಮೆಯ ದಿನ ತಲೆ ತಿರುಗಿ, ಪ್ರಶ್ನೆ ಕೇಳಲಾಗದೆ ಕುಳಿತುಬಿಟ್ಟರು. ಅದೇ ಮನುಷ್ಯ 1893ರಲ್ಲಿ ಪ್ರಿಟೋರಿಯಾದ ಒಂದು ಮನೆಯಲ್ಲಿ ಸೇರಿದ ಭಾರತೀಯ ವ್ಯಾಪಾರಿಗಳ ಎದುರು ತನ್ನ ಜೀವನದ ಮೊದಲ ಭಾಷಣವೆಂದು ಹೇಳಬಹುದಾದದ್ದನ್ನು ಮಾಡಿದರು. ನಡುವೆ ಭಾಷಣಕಲೆಯ ತರಬೇತಿಯೇನೂ ಆಗಿರಲಿಲ್ಲ. ಅಲ್ಲಿ ಹೇಳಲೇಬೇಕಾದ ವಿಷಯವಿತ್ತು, ಕೇಳಬೇಕಾದ ಕಷ್ಟದಲ್ಲಿದ್ದ ಜನರಿದ್ದರು.

ಪ್ರಯೋಗಶಾಲೆಯೂ ಇದೇ ಕಡೆ ಬೆರಳು ತೋರಿಸುತ್ತದೆ. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ವ್ಯಕ್ತಿಯೊಬ್ಬ ಐದು ನಿಮಿಷ ಭಾಷಣ ಮಾಡಬೇಕು, ಆಮೇಲೆ ಮನಸ್ಸಿನಲ್ಲೇ ಲೆಕ್ಕ ಮಾಡಿ ಉತ್ತರ ಹೇಳಬೇಕು. ಎದುರಿಗೆ ಕುಳಿತ ಪರೀಕ್ಷಕರು ನಗುವುದಿಲ್ಲ, ತಲೆ ಆಡಿಸುವುದಿಲ್ಲ. ಮುಖದಲ್ಲಿ ಏನನ್ನೂ ತೋರಿಸಬಾರದೆಂದು ಅವರಿಗೆ ತರಬೇತಿ ಕೊಟ್ಟಿರುತ್ತಾರೆ. ಭಾಷಣಕಾರನ ಮೈಯಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಏರುತ್ತದೆ. 2013ರಲ್ಲಿ ಇದರ ಸ್ನೇಹಪರ ರೂಪವೊಂದನ್ನು ಪರೀಕ್ಷಿಸಿದರು. ಕೆಲಸವನ್ನು ಹಗುರ ಮಾಡಿ, ಎದುರಿಗೆ ಆದರದಿಂದ ಕೇಳುವವರನ್ನು ಕೂರಿಸಿದರು. ಆಗ ಕಾರ್ಟಿಸೋಲ್ ಏರಲಿಲ್ಲ.

ಅಭ್ಯಾಸದಿಂದ ಉಪಯೋಗವಿಲ್ಲವೆಂದು ಇದರ ಅರ್ಥವಲ್ಲ. ಆದರೆ ಅಭ್ಯಾಸಕ್ಕೂ ಒಂದು ಸಭೆ ಬೇಕು. 1924ರಲ್ಲಿ ಅಮೆರಿಕದ ಸಾಂಟಾ ಆನಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರು ಮಾಡಿದ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳು ಇಂದು ನಮ್ಮ ನಗರಗಳಲ್ಲೂ ಇವೆ. ಅಲ್ಲಿ ಒಬ್ಬ ಮಾತನಾಡಿದರೆ ಇನ್ನೊಬ್ಬ ಹೊತ್ತು ನೋಡುತ್ತಾನೆ, ಮತ್ತೊಬ್ಬ ಆ ಭಾಷಣದಲ್ಲಿ ಯಾವುದು ಚೆನ್ನಾಗಿತ್ತು, ಯಾವುದನ್ನು ತಿದ್ದಿಕೊಳ್ಳಬಹುದು ಎಂದು ಹೇಳುತ್ತಾನೆ. ಮಾತಿನಷ್ಟೇ ಕೇಳುವುದಕ್ಕೂ ಅಲ್ಲಿ ನಿಯಮವಿದೆ. ತಡವರಿಸಿದವನನ್ನು ಗೇಲಿ ಮಾಡುವ ಪಾತ್ರ ಮಾತ್ರ ಯಾರಿಗೂ ಇಲ್ಲ.

ಮತ್ತೆ ಹೈದರಾಬಾದ್ ರಾಜ್ಯದ ಕಥೆಗೆ ಬರೋಣ, ಏಕೆಂದರೆ ಅದು ಗೆಲುವಿನಲ್ಲಿ ಮುಗಿಯುವುದಿಲ್ಲ. ಜನಸಂಘದ ಕೆಲಸ ಬೆಳೆದು 1930ರಲ್ಲಿ ಜೋಗಿಪೇಟೆಯಲ್ಲಿ ಮೊದಲ ಆಂಧ್ರ ಮಹಾಸಭೆ ನಡೆಯಿತು. ಅಧ್ಯಕ್ಷರು ಗೋಲ್ಕೊಂಡ ಪತ್ರಿಕೆಯ ಸುರವರಂ ಪ್ರತಾಪರೆಡ್ಡಿ. ಆ ಸಭೆಯಲ್ಲಿ ದಲಿತ ನಾಯಕ ಭಾಗ್ಯರೆಡ್ಡಿ ವರ್ಮ ಮಾತನಾಡಲು ಮುಂದಾದಾಗ ಸಂಪ್ರದಾಯಸ್ಥರಿಂದ ಆಕ್ಷೇಪ ಎದ್ದಿತು.

ಭಾಗ್ಯರೆಡ್ಡಿ ವರ್ಮ ಅಂಜುವ ಭಾಷಣಕಾರರಲ್ಲ. 1906ರಲ್ಲಿ ಹೈದರಾಬಾದಿನಲ್ಲಿ ಜಗನ್ ಮಿತ್ರ ಮಂಡಳಿ ಕಟ್ಟಿ, ಹರಿಕಥೆಗಳ ಮೂಲಕ ತಮ್ಮ ಜನರನ್ನು ಸೇರಿಸಿದವರು. 1917ರಲ್ಲಿ ಬೆಜವಾಡದಲ್ಲಿ ‘ಪಂಚಮರ’ ಸಮ್ಮೇಳನದ ಅಧ್ಯಕ್ಷರಾಗಿ, ಆ ಹೆಸರನ್ನೇ ಒಪ್ಪದೆ, ತಾವು ಆದಿ ಆಂಧ್ರರು ಎಂದವರು. ಅಂಥವರು ಎದ್ದು ನಿಂತರೂ ಕೆಲವರಿಗೆ ಸಹಿಸಲಾಗಲಿಲ್ಲ. ಒಂಬತ್ತು ವರ್ಷಗಳ ಹಿಂದೆ ತಮ್ಮ ಭಾಷೆಯನ್ನು ನಕ್ಕು ಕೂರಿಸಿದ್ದಕ್ಕೆ ನೊಂದು ಹುಟ್ಟಿದ ಚಳವಳಿಯ ಸಭೆಯಲ್ಲೇ ಇದು ನಡೆಯಿತು. ಅವಮಾನ ಅನುಭವಿಸಿದ ಮಾತ್ರಕ್ಕೆ ಕೇಳುವ ಗುಣ ಬರುವುದಿಲ್ಲ. ಅದನ್ನೂ ಕಲಿಯಬೇಕು, ಪ್ರತಿ ಸಭೆಯಲ್ಲೂ ಹೊಸದಾಗಿ.

ಇಂದು ಒಬ್ಬ ವಿದ್ಯಾರ್ಥಿ ಬೀದರಿನಿಂದಲೋ ರಾಯಚೂರಿನಿಂದಲೋ ಬಾಲಾನಗರಕ್ಕೆ ಬಂದು, ಅಷ್ಟಾಗಿ ಬಾರದ ಇಂಗ್ಲಿಷಿನಲ್ಲಿ ತನ್ನ ಕೆಲಸವನ್ನು ವಿವರಿಸಲು ಏಳುತ್ತಾನೆ ಎಂದುಕೊಳ್ಳೋಣ. ಮೊದಲ ವಾಕ್ಯದಲ್ಲಿ ಕ್ರಿಯಾಪದ ತಪ್ಪುತ್ತದೆ. ಹಿಂದಿನ ಬೆಂಚಿನಲ್ಲಿ ಯಾರೋ ನಗುತ್ತಾರೆ, ಅಥವಾ ನಗುವುದಿಲ್ಲ. ಅವನು ಎರಡನೆಯ ವಾಕ್ಯ ಹೇಳುತ್ತಾನೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅಲ್ಲಿ ನಿರ್ಧಾರವಾಗುತ್ತದೆ. ಉಸಿರಾಟದ ಅಭ್ಯಾಸ ಅವನು ಮಾಡಿಕೊಳ್ಳಲಿ. ನಗದೆ ಕೂತು, ಅವನ ಮಾತು ಮುಗಿದ ಮೇಲೆ ಒಂದು ಒಳ್ಳೆಯ ಪ್ರಶ್ನೆ ಕೇಳುವುದು ಉಳಿದ ಮೂವತ್ತೊಂಬತ್ತು ಜನರ ಕೆಲಸ.