ರಕ್ಷಣಾ ಆದೇಶದ ಬೆನ್ನಿಗೆ ಯಾರಿದ್ದಾರೆ?

ಗಂಡ ಹೊಡೆಯುತ್ತಾನೆ, ಬಿಟ್ಟು ಬಂದ ಮೇಲೂ ಹಿಂದೆ ಬಿದ್ದು ಕಾಡುತ್ತಾನೆ ಎಂದು ಹೆಣ್ಣುಮಗಳೊಬ್ಬಳು ಕೋರ್ಟಿಗೆ ಹೋದರೆ, ಅವಳ ಹತ್ತಿರ ಸುಳಿಯಕೂಡದೆಂದು ನ್ಯಾಯಾಧೀಶರು ಅವನಿಗೆ ತಾಕೀತು ಮಾಡಬಹುದು. ಇದಕ್ಕೆಂದೇ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 1976ರಲ್ಲಿ ಕಾಯ್ದೆ ಮಾಡಿತು. ಉಳಿದ ರಾಜ್ಯಗಳೂ ಒಂದೊಂದಾಗಿ ಅದೇ ಹಾದಿ ಹಿಡಿದವು. ಹಿಂಬಾಲಿಸಿ ಕಾಡುವುದನ್ನು 1990ರಲ್ಲಿ ಕ್ಯಾಲಿಫೋರ್ನಿಯಾ ಪ್ರತ್ಯೇಕ ಅಪರಾಧವೆಂದು ಘೋಷಿಸಿತು. ಒಂದು ರಾಜ್ಯದ ಆದೇಶವನ್ನು ಇಡೀ ದೇಶ ಮಾನ್ಯ ಮಾಡಬೇಕು ಎಂದು 1994ರ ಕೇಂದ್ರ ಕಾಯ್ದೆ ಹೇಳಿತು. ಆದೇಶದಿಂದ ಏಟು ನಿಂತಿತೇ ಎಂದು ವ್ಯವಸ್ಥಿತವಾಗಿ ಕೇಳುವವರು ಮಾತ್ರ ತಡವಾಗಿ ಬಂದರು.

ಮೊದಲ ಉತ್ತರಗಳು ಎದೆಗುಂದಿಸುವಂತಿದ್ದವು. ಕೌಟುಂಬಿಕ ದೌರ್ಜನ್ಯದ ಪ್ರಕರಣಗಳನ್ನು ಮಾದರಿಯಾಗಿ ನಿಭಾಯಿಸುತ್ತದೆಂದು ಹೆಸರಾಗಿದ್ದ ಮ್ಯಾಸಚೂಸೆಟ್ಸ್‌ನ ಕ್ವಿನ್ಸಿ ನ್ಯಾಯಾಲಯದ ದಾಖಲೆಗಳನ್ನು ಆ್ಯಂಡ್ರ್ಯೂ ಕ್ಲೈನ್ ಜಾಲಾಡಿದರು. ಆದೇಶಕ್ಕೊಳಗಾದ ಗಂಡಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಎರಡು ವರ್ಷದೊಳಗೆ ಮತ್ತೆ ದೌರ್ಜನ್ಯ ನಡೆಸಿದ್ದರು. 1996ರಲ್ಲಿ ಪ್ರಕಟವಾದ ಕೊಲರಾಡೊ ಅಧ್ಯಯನಕ್ಕಾಗಿ ಅಡೆಲ್ ಹ್ಯಾರೆಲ್ ಮತ್ತು ಬಾರ್ಬರಾ ಸ್ಮಿತ್ ಮಹಿಳೆಯರನ್ನೇ ಮಾತನಾಡಿಸಿದರು. ಒಂದು ವರ್ಷದೊಳಗೆ ಮತ್ತೆ ಕಾಟ ಅನುಭವಿಸಿದ್ದೇವೆ ಎಂದವರು 60 ಪ್ರತಿಶತ. ಆದರೆ ಮರುವರ್ಷವೇ ಬಂದ, ರಾಜ್ಯ ನ್ಯಾಯಾಲಯಗಳ ರಾಷ್ಟ್ರೀಯ ಕೇಂದ್ರದ ವರದಿ ಬೇರೆ ರಾಗ ಹಾಡಿತು: ಆರು ತಿಂಗಳಾದರೂ ತೊಂದರೆ ಆಗಿಲ್ಲ ಎಂದವರು ಸುಮಾರು ಮೂರರಲ್ಲಿ ಎರಡು ಪಾಲು. ಆದೇಶ ಸಿಕ್ಕ ಮೇಲೆ ಬದುಕು ಹಗುರವಾಯಿತು ಎಂದವರೂ ಬಹಳ.

ಯಾರನ್ನು ನಂಬುವುದು? ಎರಡೂ ಕಡೆ ಒಂದೇ ಕೊರತೆಯಿತ್ತು. ಆದೇಶ ಪಡೆಯದ ಮಹಿಳೆಯರ ಗತಿ ಏನಾಯಿತು ಎಂಬ ಹೋಲಿಕೆಯೇ ಇರಲಿಲ್ಲ. ಔಷಧಿಯ ಪ್ರಯೋಗದಲ್ಲಿ ಮಾಡುವಂತೆ ಚೀಟಿ ಎತ್ತಿ, ನಿನಗೆ ರಕ್ಷಣೆ, ನಿನಗೆ ಇಲ್ಲ ಎನ್ನಲು ಸಾಧ್ಯವೇ?

ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು ವಿಕ್ಟೋರಿಯಾ ಹೋಲ್ಟ್ ಮತ್ತು ಸಂಗಡಿಗರು 2002ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಸಿಯಾಟಲ್ ಅಧ್ಯಯನ. ಸಂಗಾತಿಯ ಹಿಂಸೆಯ ಬಗ್ಗೆ ಪೊಲೀಸರಿಗೆ ದೂರು ಮುಟ್ಟಿದ್ದ 2,691 ಮಹಿಳೆಯರ ಮುಂದಿನ ಒಂದು ವರ್ಷದ ಪೊಲೀಸ್ ದಾಖಲೆಗಳನ್ನು ಅವರು ನೋಡಿದರು. ಪೂರ್ಣಾವಧಿಯ, ಅಂದರೆ ವರ್ಷದ, ಆದೇಶ ಪಡೆದವರಲ್ಲಿ ಪೊಲೀಸರವರೆಗೆ ಹೋದ ದೈಹಿಕ ಹಿಂಸೆ ಆದೇಶವಿಲ್ಲದವರಿಗಿಂತ 80 ಪ್ರತಿಶತ ಕಡಿಮೆ. ಎರಡು ವಾರದ ತಾತ್ಕಾಲಿಕ ಆದೇಶವನ್ನಷ್ಟೇ ಪಡೆದವರ ಕಥೆಯೇ ಬೇರೆ. ಬೆದರಿಕೆ, ಕಿರುಕುಳದಂಥ ಮಾನಸಿಕ ಹಿಂಸೆ ಅವರಲ್ಲಿ ಸುಮಾರು ಐದು ಪಟ್ಟು ಹೆಚ್ಚಿತ್ತು. ಅರ್ಧಕ್ಕೆ ನಿಂತ ರಕ್ಷಣೆ ಅವನನ್ನು ಕೆಣಕುತ್ತದೆ, ಕಟ್ಟಿಹಾಕುವುದಿಲ್ಲ ಎಂದು ನಾನು ಇದನ್ನು ಓದುತ್ತೇನೆ. ಇನ್ನೊಂದು ಓದೂ ಸಾಧ್ಯ: ವರ್ಷದ ಆದೇಶ ಪಡೆಯುವವರೆಗೆ ಕೋರ್ಟಿಗೆ ಅಲೆಯಬಲ್ಲ ಮಹಿಳೆಗೆ ಹಣವೋ, ತವರಿನ ಬೆಂಬಲವೋ ಇದ್ದಿರಬಹುದು, ಅವಳು ಪಾರಾದದ್ದಕ್ಕೆ ಅದೂ ಕಾರಣವಾಗಿರಬಹುದು.

ಪೊಲೀಸ್ ದಾಖಲೆಯೂ ಕಣ್ಣುಮುಚ್ಚಿ ನಂಬುವಂಥದ್ದಲ್ಲ. ಕೈಯಲ್ಲಿ ಆದೇಶವಿದ್ದವಳು ಧೈರ್ಯದಿಂದ ಠಾಣೆಗೆ ಹೆಚ್ಚು ಫೋನ್ ಮಾಡಿದರೆ ಹಿಂಸೆ ಹೆಚ್ಚಿದಂತೆ ಕಾಣುತ್ತದೆ. ಎರಡು ಸಲ ಕರೆದರೂ ಯಾರೂ ಬರಲಿಲ್ಲವೆಂದು ಮೂರನೇ ಸಲ ಸುಮ್ಮನಾದರೆ ಹಿಂಸೆ ಇಳಿದಂತೆ ಕಾಣುತ್ತದೆ.

ಹಿಂಬಾಲಿಸುವವರ ವಿಷಯದಲ್ಲಿ ಆದೇಶ ಹೆಚ್ಚು ಸೋಲುತ್ತದೆ. 103 ಅಧ್ಯಯನಗಳನ್ನು ಒಟ್ಟುಗೂಡಿಸಿದ ಬ್ರಯಾನ್ ಸ್ಪಿಟ್ಸ್‌ಬರ್ಗ್ ಅವರ 2002ರ ವಿಶ್ಲೇಷಣೆಯಲ್ಲಿ ಸರಾಸರಿ 40 ಪ್ರತಿಶತ ಆದೇಶಗಳು ಉಲ್ಲಂಘನೆಯಾಗಿದ್ದವು. ಐದರಲ್ಲಿ ಒಂದು ಪಾಲಿನಷ್ಟು ಸಂದರ್ಭಗಳಲ್ಲಿ ಆದೇಶದ ನಂತರ ಪರಿಸ್ಥಿತಿ ಬಿಗಡಾಯಿಸಿತ್ತು. ಟಿ.ಕೆ. ಲೋಗನ್ ತಂಡ 2009ರಲ್ಲಿ ಹೊರತಂದ ಕೆಂಟಕಿ ಅಧ್ಯಯನದಲ್ಲಿ ಅರ್ಧದಷ್ಟು ಮಹಿಳೆಯರಿಗೆ ಆರು ತಿಂಗಳು ಯಾವ ಉಲ್ಲಂಘನೆಯೂ ಆಗಲಿಲ್ಲ. ಆದರೆ ಮೊದಲಿನಿಂದ ಹಿಂಬಾಲಿಸಿ ಕಾಡಿದವರಿದ್ದ ಕಡೆ ಆದೇಶ ಮುರಿಯುವ ಸಂಭವ ಜಾಸ್ತಿ. ಇದೇ ತಂಡ ಖರ್ಚಿನ ಲೆಕ್ಕವನ್ನೂ ಹಾಕಿತು: ಆದೇಶಕ್ಕೆ ಸರ್ಕಾರ ವೆಚ್ಚ ಮಾಡುವ ಒಂದು ಡಾಲರಿಗೆ ಸಮಾಜಕ್ಕೆ ಉಳಿತಾಯ 30 ಡಾಲರಿಗೂ ಹೆಚ್ಚು. ಹೆಂಗಸಿನ ನಿದ್ದೆಯನ್ನು ಡಾಲರಿನಲ್ಲಿ ಅಳೆಯಬೇಕಾದ್ದು ಬೇಸರದ ಸಂಗತಿಯೇ, ಆದರೆ ಬಜೆಟ್ ಬರೆಯುವವರು ಕಿವಿಗೊಡುವುದು ಇಂಥ ಲೆಕ್ಕಕ್ಕೆ.

ಸಂಖ್ಯೆಗಳಿಗಿಂತ ಹೆಚ್ಚಾಗಿ ಈ ಕ್ಷೇತ್ರವನ್ನು ಅಲುಗಾಡಿಸಿದ್ದು ಕೊಲರಾಡೊದ ಕ್ಯಾಸಲ್ ರಾಕ್ ಪ್ರಕರಣ. 1999ರ ಜೂನ್‌ನಲ್ಲಿ, ದೂರವಾಗಿದ್ದ ಗಂಡ ಆದೇಶ ಮೀರಿ ಮೂವರು ಹೆಣ್ಣುಮಕ್ಕಳನ್ನು ಕರೆದೊಯ್ದ. ಉಲ್ಲಂಘಿಸಿದವನನ್ನು ಪೊಲೀಸರು ಬಂಧಿಸಬೇಕೆಂಬ ಸೂಚನೆ ಆ ಆದೇಶದಲ್ಲೇ ಅಚ್ಚಾಗಿತ್ತು. ತಾಯಿ ಸಂಜೆಯಿಂದ ಮತ್ತೆ ಮತ್ತೆ ಕರೆ ಮಾಡಿದರು, ನಡುರಾತ್ರಿಯ ಮೇಲೆ ಠಾಣೆಗೇ ಹೋದರು. ಸ್ವಲ್ಪ ಕಾಯಿರಿ ಎಂಬುದೇ ಉತ್ತರವಾಗಿತ್ತು. ಬೆಳಗಿನ ಜಾವ ಅವನೇ ಠಾಣೆಗೆ ಬಂದು ಗುಂಡು ಹಾರಿಸಿ, ಪೊಲೀಸರ ಗುಂಡಿಗೆ ಸತ್ತ; ಅವನ ವಾಹನದಲ್ಲಿ ಮೂವರು ಮಕ್ಕಳ ಶವಗಳಿದ್ದವು. ಆದೇಶವನ್ನು ಪೊಲೀಸರಿಂದ ಜಾರಿ ಮಾಡಿಸಿಕೊಳ್ಳುವ ಸಾಂವಿಧಾನಿಕ ಹಕ್ಕು ಆ ತಾಯಿಗಿಲ್ಲ ಎಂದು 2005ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2ರ ಬಹುಮತದಲ್ಲಿ ಹೇಳಿತು. ಅವರ ಮಾನವ ಹಕ್ಕುಗಳ ಉಲ್ಲಂಘನೆಯಾಗಿದೆ ಎಂದು 2011ರಲ್ಲಿ ಅಂತರ ಅಮೆರಿಕನ್ ಮಾನವ ಹಕ್ಕುಗಳ ಆಯೋಗ ಹೇಳಿತಾದರೂ ಸುಪ್ರೀಂ ಕೋರ್ಟಿನ ತೀರ್ಪು ನಿಂತೇ ಇದೆ.

ಆನಂತರ ಸಂಶೋಧಕರ ಗಮನ ಆದೇಶದ ಹಿಂದಿರುವ ಬಲದ ಕಡೆ ತಿರುಗಿತು. ಆದೇಶಕ್ಕೊಳಗಾದವರ ಕೈಗೆ ಬಂದೂಕು ಸಿಗದಂತೆ ನಿರ್ಬಂಧಿಸಿದ ರಾಜ್ಯಗಳಲ್ಲಿ ಸಂಗಾತಿಯ ಕೊಲೆಗಳು ಇಳಿದಿದ್ದನ್ನು ವಿಗ್ಡರ್ ಮತ್ತು ಮರ್ಸಿ 2006ರಲ್ಲಿ ತೋರಿಸಿದರು. ಅಂಥ ಕೇಂದ್ರ ನಿರ್ಬಂಧವನ್ನು ಅಲ್ಲಿನ ಸುಪ್ರೀಂ ಕೋರ್ಟ್ 2024ರಲ್ಲಿ ರಹೀಮಿ ಪ್ರಕರಣದಲ್ಲಿ 8–1ರಿಂದ ಎತ್ತಿಹಿಡಿಯಿತು.

ನಮ್ಮ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ, ಜನರ ಬಾಯಲ್ಲಿ ‘ಡಿವಿ ಆ್ಯಕ್ಟ್’, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. 18ನೇ ಕಲಮಿನ ರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಪರಾಧ ಜಾಮೀನುರಹಿತ. ಅರ್ಜಿಯನ್ನು 60 ದಿನದೊಳಗೆ ಇತ್ಯರ್ಥಪಡಿಸಲು ಮ್ಯಾಜಿಸ್ಟ್ರೇಟರು ಪ್ರಯತ್ನಿಸಬೇಕೆಂದೂ ಕಾಯ್ದೆಯಲ್ಲಿದೆ. ಕೋರ್ಟಿನ ಮೊಗಸಾಲೆಯಲ್ಲಿ ‘ಮುಂದಿನ ಡೇಟು’ ಬರೆದುಕೊಂಡು ಬಂದವರನ್ನು ಕೇಳಿದರೆ ಆ ಮಾತಿನ ಬೆಲೆ ತಿಳಿಯುತ್ತದೆ. ನೊಂದವಳಿಗೆ ಈ ಕಾಯ್ದೆಯಡಿ ನೆರವಾಗಬೇಕಾದ ಸಂರಕ್ಷಣಾಧಿಕಾರಿಯ ಹೊಣೆ ಕರ್ನಾಟಕದಲ್ಲಿ ಬಿದ್ದಿರುವುದು ಅಂಗನವಾಡಿ, ಪೌಷ್ಟಿಕ ಆಹಾರಗಳ ಕೆಲಸವನ್ನೇ ಹೊತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ (ಸಿಡಿಪಿಒ) ಮೇಲೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ ವಿವಾಹಿತೆಯರು ಕರ್ನಾಟಕದಲ್ಲಿ 44 ಪ್ರತಿಶತ. ದೇಶದಾದ್ಯಂತ ಹಿಂಸೆಗೊಳಗಾದವರಲ್ಲಿ ಯಾರದ್ದಾದರೂ ನೆರವು ಕೇಳಿದ್ದು 14 ಪ್ರತಿಶತ ಮಾತ್ರ.

ವಕೀಲರ ಸಂಘಟನೆ ಲಾಯರ್ಸ್ ಕಲೆಕ್ಟಿವ್ ವರ್ಷಗಟ್ಟಲೆ ಹೊರತಂದ ‘ಸ್ಟೇಯಿಂಗ್ ಅಲೈವ್’ ವರದಿಗಳು ಈ ಕಾಯ್ದೆಯ ಅಧ್ಯಯನಕ್ಕೆ ಇಲ್ಲಿ ನೆಲಗಟ್ಟು ಹಾಕಿದವು. ಆದರೆ ಅವು ಮುಖ್ಯವಾಗಿ ನೋಡಿದ್ದು ವ್ಯವಸ್ಥೆಯನ್ನು: ಅಧಿಕಾರಿಗಳ ನೇಮಕ, ಅವರಿಗೆ ಸಿಕ್ಕ ಹಣ, ಕೋರ್ಟುಗಳು ಬರೆದ ಆದೇಶ. ಸಿಯಾಟಲ್‌ನ ಅಳತೆಗೋಲನ್ನು ತಂದು ಇಲ್ಲಿ ಹಿಡಿಯುವುದೂ ಸುಲಭವಲ್ಲ. ಅಲ್ಲಿನ ಆದೇಶ ಮುಖ್ಯವಾಗಿ ಅವನನ್ನು ದೂರ ಇಡುತ್ತದೆ. ಇಲ್ಲಿ ಬಹಳಷ್ಟು ಮಹಿಳೆಯರಿಗೆ ಮೊದಲು ಬೇಕಾದ್ದು ತಲೆಯ ಮೇಲಿನ ಸೂರು ತಪ್ಪದಿರುವುದು. 2020ರ ಸತೀಶ್ ಚಂದರ್ ಅಹುಜಾ ತೀರ್ಪಿನ ಪ್ರಕಾರ ಮಾವನ ಹೆಸರಿನಲ್ಲಿರುವ ಮನೆಯಲ್ಲೂ ಸೊಸೆ ವಾಸದ ಹಕ್ಕು ಕೇಳಬಹುದು. ಹಾಗೆ ಹಕ್ಕು ಪಡೆದು ಅದೇ ಮನೆಗೆ ಮರಳಿದವಳು, ಯಾರ ವಿರುದ್ಧ ಆದೇಶ ತಂದಳೋ ಅವನೊಂದಿಗೇ ಅಡುಗೆಮನೆ, ಬಚ್ಚಲು ಹಂಚಿಕೊಳ್ಳಬೇಕು. ಅಲ್ಲಿ ಆದೇಶ ಮುರಿದದ್ದಕ್ಕೆ ಸಾಕ್ಷಿ ನುಡಿಯಬೇಕಾದವರು ಅತ್ತೆ, ಮಾವ, ನಾದಿನಿ.